ಕೆಂಪು ಚಿಂದಿಯ ವಾಲ್ವು

ಶ್ರೀನಿವಾಸಪುರದ ಮಾವಿನ ಮಂಡಿಗಳ ಹಿಂದಿನ ಬೀದಿಯಲ್ಲಿ ಸುಬ್ಬರಾಯಪ್ಪನವರ ವಠಾರವಿದೆ. ವಠಾರವೆಂದರೆ ದೊಡ್ಡದೇನಲ್ಲ. ಕೆಳಗೆ ಎರಡು ಮನೆ, ಮೇಲೆ ಒಂದು ಮನೆ, ಎಲ್ಲಕ್ಕೂ ಸೇರಿ ಒಂದೇ ಬೋರು, ಒಂದೇ ಮೋಟಾರು, ತಾರಸಿಯ ಮೇಲೆ ಒಂದೇ ಕಪ್ಪು ಟ್ಯಾಂಕು. ಟ್ಯಾಂಕಿನಿಂದ ಮನೆಗೊಂದರಂತೆ ಮೂರು ಪೈಪು ಇಳಿಯುತ್ತವೆ, ಒಂದೊಂದಕ್ಕೂ ಒಂದು ವಾಲ್ವು. ಗಂಡ ಹೆಂಡತಿಯೇ ಒಂದು ಬಚ್ಚಲಿಗೆ ಜಗಳವಾಡುವ ಕಾಲದಲ್ಲಿ ಮೂರು ಸಂಸಾರ ಒಂದು ಟ್ಯಾಂಕಿನಲ್ಲಿ ಸುಖವಾಗಿರಲಿ ಎಂದು ಬಯಸಿದ ಸುಬ್ಬರಾಯಪ್ಪ ಮಾತ್ರ ಬುದ್ಧಿವಂತ, ಬೈರಕೂರಿನ ತನ್ನ ತೋಟದ ಮನೆಯಲ್ಲಿದ್ದಾನೆ.

ಕೆಳಗಿನ ಬಲಗಡೆ ಮನೆಯಲ್ಲಿ ಮುನಿಲಕ್ಷ್ಮಿ ಇದ್ದಾಳೆ. ಹೂವು ಕಟ್ಟಿ ಮನೆಮನೆಗೆ ಕೊಡುವುದು ಅವಳ ಕಸುಬು. ಕಸುಬು ಹೂವಿನದಾದರೂ ಅವಳನ್ನು ಹೂವಿನಂಥ ಹೆಂಗಸು ಎಂದು ಬೀದಿಯಲ್ಲಿ ಯಾರೂ ಹೇಳಿದ್ದಿಲ್ಲ. ಹುಟ್ಟಿದ್ದು ಆವನಿಯಲ್ಲಿ, ಸೇರಿದ್ದು ಬೈರಕೂರಿನ ಬೇಸಾಯದ ಮನೆಯನ್ನು. ಗಂಡ ಆಂಜಿನಪ್ಪ ಅಣ್ಣತಮ್ಮಂದಿರೊಡನೆ ಮುನಿಸಿಕೊಂಡು ಊರು ಬಿಟ್ಟಾಗ ಅವನ ಹಿಂದೆ ಈ ವಠಾರಕ್ಕೆ ಬಂದವಳು. ಅವನು ಮಂಡಿಯಲ್ಲಿ ಹಣ್ಣು ವಿಂಗಡಿಸಿದ, ಇವಳು ಹೂವು ಕಟ್ಟಿದಳು, ಮಗಳು ಅನಿತಳನ್ನು ಮಾಲೂರಿಗೆ ಕೊಟ್ಟರು. ಅಲ್ಲಿಯವರೆಗೆ ಹೇಳಿಕೊಳ್ಳುವಂಥದ್ದೇನೂ ಇಲ್ಲದ ಬದುಕು. ಆಮೇಲೆ ಹೇಳಿಕೊಳ್ಳಲು ಒಂದೇ ಒಂದು ಸಿಕ್ಕಿತು. ಅದು ಮೇಲ್ಮನೆಯ ಅಕ್ಕಯಮ್ಮನ ಮೇಲಿನ ಹಗೆ.

ಆ ಹಗೆಯ ಬುಡಕ್ಕೆ ಹೋಗಬೇಕಾದರೆ ಆಂಜಿನಪ್ಪನ ಬಗ್ಗೆ ಎರಡು ಮಾತು ಹೇಳಬೇಕು. ವಠಾರದ ನೀರಿಗೆ ಅವನೇ ಯಜಮಾನ. ಯಾರೂ ನೇಮಿಸಿರಲಿಲ್ಲ, ತಾನೇ ಆಗಿದ್ದ. ಕರೆಂಟು ಬಂದ ಕೂಡಲೇ ಮೋಟಾರು ಹಾಕುವವನು ಅವನು, ಟ್ಯಾಂಕು ತುಂಬಿ ಹರಿಯುವ ಮುಂಚೆ ಓಡುವವನೂ ಅವನೇ. ಯಾರ ಮನೆಯ ನಲ್ಲಿ ತೊಟ್ಟಿಕ್ಕಿದರೂ ಅವನ ಎದೆಯೇ ತೊಟ್ಟಿಕ್ಕಿದ ಹಾಗೆ ಒದ್ದಾಡುತ್ತಿದ್ದ. ಒಳ್ಳೆಯ ಮನುಷ್ಯನೇ, ಆದರೆ ತನಗೆ ಗೊತ್ತಿಲ್ಲದ್ದು ಲೋಕದಲ್ಲಿ ಇಲ್ಲ ಎಂಬ ಒಂದು ರೋಗವಿತ್ತು.

ನಾಲ್ಕು ವರ್ಷದ ಹಿಂದಿನ ಬೇಸಿಗೆಯಲ್ಲಿ ತಾರಸಿಯ ಹಳೆಯ ಕಬ್ಬಿಣದ ಪೈಪು ತುಕ್ಕು ಹಿಡಿದು ಒಡೆಯಿತೆಂದು ಸುಬ್ಬರಾಯಪ್ಪ ಪ್ಲಾಸ್ಟಿಕ್ ಪೈಪು ಹಾಕಿಸಿದ. ಕೆಲಸ ಮುಗಿಸಿದ ಪ್ಲಂಬರು, ಯಾವ ವಾಲ್ವು ಯಾವ ಮನೆಯದು ಎಂದು ಒಂದು ಸಲ ತಿರುಗಿಸಿ ನೋಡಿಕೊಳ್ಳಿ ಎಂದ. “ಗೊತ್ತು ಬಿಡಪ್ಪ, ನಂಗೇ ಹೇಳ್ಕೊಡ್ತೀಯಾ?” ಎಂದು ಆಂಜಿನಪ್ಪ ಅವನನ್ನು ಕಳಿಸಿಬಿಟ್ಟ. ಆಮೇಲೆ ಮುನಿಲಕ್ಷ್ಮಿಯ ಹಳೆಯ ಕೆಂಪು ಸೀರೆ ಹರಿದು ಒಂದು ಚಿಂದಿಯನ್ನು ಮೇಲ್ಮನೆಯ ವಾಲ್ವಿಗೆ ಕಟ್ಟಿದ. ತನ್ನ ಹಸಿರು ಲುಂಗಿ ಹರಿದು ತನ್ನ ಮನೆಯ ವಾಲ್ವಿಗೆ ಕಟ್ಟಿದ. ಪಕ್ಕದ ಮನೆಯ ಕಂಡಕ್ಟರ್ ಉಮೇಶನದಕ್ಕೆ ಏನೂ ಕಟ್ಟಲಿಲ್ಲ. ಎತ್ತನ್ನು ಗೂಟಕ್ಕೆ ಬಿಗಿಯುವ ಗಂಟು ಹಾಕಿ, ಕೆಂಪು ಮೇಲ್ಮನೆಯದು, ಹಸಿರು ನಮ್ಮದು, ಇನ್ನು ಯಾರಪ್ಪ ಬಂದರೂ ಬಿಚ್ಚಲಾಗದು ಎಂದು ವಠಾರಕ್ಕೆಲ್ಲ ಸಾರುತ್ತ ಕೆಳಗಿಳಿದು ಬಂದ.

ಅದೇ ವಾರ ಮೇಲ್ಮನೆಯವರೊಡನೆ ಜಗಳವಾಯಿತು. ಅಕ್ಕಯಮ್ಮನ ಗಂಡ ಅಮರನಾಥ್ ಮಾವಿನ ವ್ಯಾಪಾರಿ. ಸುಗ್ಗಿಯಲ್ಲಿ ಹಣ್ಣಿನ ಕ್ರೇಟುಗಳನ್ನು ಮನೆಗೇ ತಂದು ಟ್ಯಾಂಕಿನ ನೀರಿನಲ್ಲಿ ತೊಳೆಸತೊಡಗಿದ. ಆಂಜಿನಪ್ಪ ಅಂಗಳದಲ್ಲಿ ನಿಂತು ಕೂಗಾಡಿದ. ಮೇಲಿನಿಂದ ಅಕ್ಕಯಮ್ಮ, “ನಾವೂ ಬಾಡಿಗೆ ಕೊಡ್ತೀವಿ ಕಣಣ್ಣ, ಬಿಟ್ಟಿ ಏನಿಲ್ಲ” ಎಂದಳು. ಅಂದು ಸಂಜೆ ಆಂಜಿನಪ್ಪ ತಾರಸಿಯಿಂದ ಇಳಿದು ಬಂದು, ಲುಂಗಿಗೆ ಕೈ ಒರೆಸಿಕೊಳ್ಳುತ್ತ, ಮೀಸೆಯಡಿಯಲ್ಲಿ ನಕ್ಕ.

“ನಾಳೆ ಬೆಳಿಗ್ಗೆ ಗೊತ್ತಾಗುತ್ತೆ ಅವ್ರಿಗೆ” ಎಂದ.

ಸುಬ್ಬರಾಯಪ್ಪನಿಗೆ ಫೋನು ಮಾಡಿ ಚಾಡಿ ಹೇಳಿರಬೇಕು ಎಂದುಕೊಂಡು ಮುನಿಲಕ್ಷ್ಮಿ ಕೇಳಲಿಲ್ಲ. ಬೆಳಿಗ್ಗೆ ಹೊಸ ನೀರು ಹಿಡಿಯಲೆಂದು ಡ್ರಮ್ಮನ್ನು ಅದರ ತಳದಲ್ಲಿ ಉಳಿದಿದ್ದ ನೀರಿನಲ್ಲೇ ತೊಳೆದು ಬೋರಲು ಹಾಕಿ ಮಲಗಿದಳು. ಕುಡಿಯುವ ನೀರಿನ ಕ್ಯಾನು ಖಾಲಿಯಾಗಿ ಬಾಗಿಲ ಬಳಿ ಇತ್ತು. ಬೆಳಕು ಹರಿಯುವ ಹೊತ್ತಿಗೆ ಆಂಜಿನಪ್ಪ ಎದೆ ಹಿಡಿದುಕೊಂಡು ಎದ್ದು ಕೂತ. ಮೈಯೆಲ್ಲ ಬೆವರಿತ್ತು. “ನೀರು” ಎಂದ. ಅವಳು ಓಡಿಹೋಗಿ ನಲ್ಲಿ ತಿರುಗಿಸಿದರೆ ನಲ್ಲಿ ಉಸ್ಸೆಂದು ಗಾಳಿ ಬಿಟ್ಟಿತು. ಬಚ್ಚಲ ನಲ್ಲಿಯೂ ಹಾಗೆಯೇ. ಚೊಂಬು ಹಿಡಿದು ಉಮೇಶನ ಬಾಗಿಲು ಬಡಿದು, ಅವನ ಹೆಂಡತಿ ಪದ್ಮಶ್ರೀ ಕಣ್ಣುಜ್ಜಿಕೊಂಡು ಬಂದು ನೀರು ಕೊಟ್ಟು, ಇವಳು ವಾಪಸು ಬರುವಷ್ಟರಲ್ಲಿ ಆಂಜಿನಪ್ಪನಿಗೆ ಯಾವ ನೀರೂ ಬೇಕಾಗಿರಲಿಲ್ಲ.

ಹೆಣಕ್ಕೆ ಸ್ನಾನ ಮಾಡಿಸಬೇಕು. ಅಂಗಳದಲ್ಲಿ ಹಲಗೆ ಹಾಕಿದರು, ನೆಂಟರು ನೆರೆದರು, ನಲ್ಲಿಯಲ್ಲಿ ನೀರಿಲ್ಲ. ಪಕ್ಕದ ಮನೆಗೆ ಬರುತ್ತಿದ್ದ ನೀರು ಸುತ್ತಲಿನವರ ಕೈಕಾಲಿಗೇ ಸಾಲದಾಗಿತ್ತು. ಆದರೆ ಮೇಲ್ಮನೆಯ ನೀರು ಧಾರಾಳವಾಗಿ ಹರಿಯುತ್ತಿತ್ತು. ಮುನಿಲಕ್ಷ್ಮಿಯ ಬಚ್ಚಲ ಗೋಡೆಗೆ ಅಂಟಿಕೊಂಡು ಮೇಲ್ಮನೆಯ ಕೊಳೆನೀರಿನ ಪೈಪು ಇಳಿಯುತ್ತದೆ. ಅದು ಗಳಗಳನೆ ಸದ್ದು ಮಾಡುತ್ತಲೇ ಇತ್ತು. ತಲೆಯ ಮೇಲೆ ಆ ಸದ್ದು, ತೊಡೆಯ ಮೇಲೆ ಒಣಗಿದ ಬಾಯಿಯ ಗಂಡ. ಅವಳು ಅಳುವುದನ್ನೂ ಮರೆತು ಆ ಸದ್ದು ಕೇಳುತ್ತ ಕೂತಳು.

ಆ ಹೊತ್ತಿಗೆ ಅಕ್ಕಯಮ್ಮ ಎರಡು ಬಕೆಟ್ಟು ನೀರು ಹೊತ್ತು ಏದುಸಿರು ಬಿಡುತ್ತ ಮೆಟ್ಟಿಲಿಳಿದು ಬಂದಳು. ಮುನಿಲಕ್ಷ್ಮಿಗೆ ಎಲ್ಲಿತ್ತೋ ಸಿಟ್ಟು. ಎದ್ದವಳೇ ಒಂದು ಬಕೆಟ್ಟನ್ನು ಕಾಲಿನಿಂದ ಒದ್ದಳು. ನೀರು ಅಂಗಳದ ತುಂಬ ಹರಡಿತು.

“ನೀವೇ ಮುಚ್ಚಿ ನೀವೇ ತಂದು ಕೊಡ್ತೀರಾ? ಯಾರ್ಗೆ ಬೇಕು ನಿಮ್ಮ ಭಿಕ್ಷೆ!”

ಅಕ್ಕಯಮ್ಮ ಒದ್ದೆ ಸೀರೆಯಲ್ಲೇ ಇನ್ನೊಂದು ಬಕೆಟ್ಟನ್ನು ಎತ್ತಿಕೊಂಡು ಮೇಲೆ ಹೋದಳು. ಕೊನೆಗೆ ಉಮೇಶ ಫಿಲ್ಟರ್ ನೀರಿನ ಅಂಗಡಿಯಿಂದ ಕ್ಯಾನುಗಳನ್ನು ತಂದು ಸುರಿದ. ಹನಿ ನೀರು ಪೋಲಾದರೆ ಊರು ಒಂದು ಮಾಡುತ್ತಿದ್ದ ಆಂಜಿನಪ್ಪ ಕ್ಯಾನಿನ ನೀರಿನಲ್ಲಿ ಮೈ ತೊಳೆಸಿಕೊಂಡು ಹೋದ.

ಮಣ್ಣು ಮಾಡಿ ಬಂದ ಮೇಲೆ ಉಮೇಶ ತಾರಸಿಗೆ ಹೋಗಿ ನೋಡಿದ. ಒಂದು ವಾಲ್ವು ಬಿಗಿಯಾಗಿ ಮುಚ್ಚಿತ್ತು. ತಿರುಗಿಸಿದ, ಮುನಿಲಕ್ಷ್ಮಿಯ ನಲ್ಲಿಯಲ್ಲಿ ನೀರು ಬಂತು. ಅದಕ್ಕೆ ಯಾವ ಚಿಂದಿ ಕಟ್ಟಿತ್ತು ಎಂದು ಅವನೂ ನೋಡಲಿಲ್ಲ, ಯಾರೂ ಕೇಳಲಿಲ್ಲ. ಕೇಳುವುದಾದರೂ ಏನಿತ್ತು? ಹಿಂದಿನ ದಿನ ಜಗಳ, ತಾರಸಿಯ ಮೆಟ್ಟಿಲು ಮೇಲ್ಮನೆಯ ಬಾಗಿಲ ಮುಂದೆ. ಮುನಿಲಕ್ಷ್ಮಿಗೆ ಇನ್ಯಾವ ಸಾಕ್ಷಿಯೂ ಬೇಕಾಗಲಿಲ್ಲ. ಸುಬ್ಬರಾಯಪ್ಪ ಬಂದು, ಇನ್ನು ಮೇಲೆ ಯಾರೂ ಕೈ ಹಾಕಬಾರದೆಂದು ಮೂರೂ ವಾಲ್ವುಗಳ ಮೇಲೆ ಕಬ್ಬಿಣದ ಜಾಲರಿ ಕೂರಿಸಿ ಬೀಗ ಜಡಿದ. ಬೀಗದ ಕೈಯನ್ನೂ ಮೋಟಾರಿನ ಕೆಲಸವನ್ನೂ ಅಕ್ಕಯಮ್ಮನಿಗೆ ಕೊಟ್ಟು ಹೋದ. ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಎಂದು ಮುನಿಲಕ್ಷ್ಮಿ ಹಲ್ಲು ಕಡಿದಳು.

ಅಂದಿನಿಂದ ನಾಲ್ಕು ವರ್ಷ ಅವಳು ಅಕ್ಕಯಮ್ಮನೊಡನೆ ಮಾತಾಡಲಿಲ್ಲ. ಮಾತಾಡಲಿಲ್ಲ ಎಂದರೆ ಸುಮ್ಮನಿದ್ದಳು ಎಂದಲ್ಲ. ಗೋಡೆಗೆ ಮಾತಾಡಿದಳು, ಕಾಗೆಗೆ ಮಾತಾಡಿದಳು, ಬೀದಿನಾಯಿಗೆ ಅಕ್ಕಯಮ್ಮನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಬುದ್ಧಿ ಹೇಳಿದಳು. ಪ್ರತಿ ಅಮಾವಾಸ್ಯೆ ಅಂಗಳದ ಮಣ್ಣು ಹಿಡಿಯಷ್ಟು ತೆಗೆದುಕೊಂಡು, ಮೇಲ್ಮನೆಯ ಮೆಟ್ಟಿಲಿನತ್ತ ತೂರಿ ಶಾಪ ಹಾಕುತ್ತಿದ್ದಳು.

“ವಾಲ್ವು ಮುಚ್ಚಿದ ಕೈಗೆ ಹುಳ ಬೀಳ! ಸಾಯೋವಾಗ ಬಾಯಿಗೆ ಗುಟುಕು ನೀರು ಸಿಗ್ದಂಗಾಗ್ಲಿ! ಹೆಣಕ್ಕೆ ಹಾಕೋಕೂ ನೀರು ಇಲ್ದಂಗಾಗ್ಲಿ!”

ಮೊದಮೊದಲು ಬೀದಿಯವರು ಹೊರಗೆ ಬಂದು ನೋಡುತ್ತಿದ್ದರು. ಆಮೇಲೆ ಅಭ್ಯಾಸವಾಗಿ, ಓ, ಇವತ್ತು ಅಮಾವಾಸ್ಯೆಯಾ ಎನ್ನತೊಡಗಿದರು. ಅಕ್ಕಯಮ್ಮ ಮಾರನೆಯ ಬೆಳಿಗ್ಗೆ ಪೊರಕೆ ತಂದು ಮೆಟ್ಟಿಲು ಗುಡಿಸಿಕೊಳ್ಳುತ್ತಿದ್ದಳು. ತಿರುಗಿ ಒಂದು ಮಾತೂ ಆಡಲಿಲ್ಲ. ತಪ್ಪು ಮಾಡಿದವಳಿಗೆ ಬಾಯಿ ಎಲ್ಲಿಂದ ಬರಬೇಕು ಎಂದು ಮುನಿಲಕ್ಷ್ಮಿ ಅದಕ್ಕೂ ಅರ್ಥ ಹಚ್ಚಿದಳು. ಒಳಗೆ ಆಂಜಿನಪ್ಪನ ಫೋಟೋದ ಮುಂದೆ ದಿನಾ ಒಂದು ತಂಬಿಗೆ ನೀರು ಇಡುತ್ತಿದ್ದಳು. ಕೇಳಿದಾಗ ಕೊಡಲಾಗದ ನೀರು ಅದು. ಮರುದಿನ ಅದನ್ನು ತುಳಸಿಗೆ ಹಾಕಿ ಹೊಸ ನೀರು ಇಡುವಳು.

ಮಾಲೂರಿನಿಂದ ಮಗಳು ಬಂದಾಗಲೆಲ್ಲ ಕರೆಯುತ್ತಿದ್ದಳು. “ಅಮ್ಮಾ, ಇಲ್ಲೇನೈತೆ ನಿಂಗೆ? ನಮ್ಮನೇಗೆ ಬಂದ್ಬಿಡು.”

“ಬರ್ತೀನಿ ಕಣೇ. ಅವ್ಳು ಬರೀ ಬಿಂದಿಗೆ ಹಿಡ್ಕೊಂಡು ನನ್ನ ಬಾಗ್ಲಿಗೆ ಬಂದು ನೀರು ಕೇಳ್ಬೇಕು. ನಾನು ಇಲ್ಲ ಅನ್ಬೇಕು. ಮಾರ್ನೇ ದಿನ ಬರ್ತೀನಿ.”

ಅನಿತ ತಲೆ ಚಚ್ಚಿಕೊಂಡು ಬಸ್ಸು ಹತ್ತುತ್ತಿದ್ದಳು. ಮುನಿಲಕ್ಷ್ಮಿಗೆ ಬದುಕಿನಿಂದ ಬೇಕಾಗಿದ್ದದ್ದು ಅದೊಂದೇ. ನಾಲ್ಕು ಜನರ ಮುಂದೆ, ಬರೀ ಬಿಂದಿಗೆ, ಅಕ್ಕಯಮ್ಮನ ತಗ್ಗಿದ ತಲೆ. ಹೂವು ಕಟ್ಟುವಾಗ ಅದನ್ನೇ ನೆನೆದು ಮನಸ್ಸಿನಲ್ಲಿ ಮಂಡಿಗೆ ತಿನ್ನುತ್ತಿದ್ದಳು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಈ ವರ್ಷ ಅಕ್ಕಯಮ್ಮನ ಮಗಳು ಮಾನಸ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅಕ್ಕಯಮ್ಮನಿಗೆ ಮಂಡಿ ನೋವು ಬೇರೆ. ಬಾಣಂತಿ, ಕೂಸು, ಅಡುಗೆ, ಇದರ ಮಧ್ಯೆ ಮೋಟಾರಿಗಾಗಿ ಮೆಟ್ಟಿಲು ಹತ್ತಿ ಇಳಿಯಲಾರೆ ಎಂದು ಸುಬ್ಬರಾಯಪ್ಪನಿಗೆ ಹೇಳಿದಳು. ಅವನು ಬಂದು ಬೀಗದ ಕೈಯನ್ನು ಮುನಿಲಕ್ಷ್ಮಿಯ ಹೂವಿನ ಬುಟ್ಟಿಯ ಪಕ್ಕದಲ್ಲಿಟ್ಟ.

“ನೋಡಮ್ಮಾ, ಇನ್ಮೇಲೆ ನೀನೇ ನೋಡ್ಕೋ. ಅಕ್ಕಯಮ್ಮನೇ ನಿನ್ನ ಹೆಸ್ರು ಹೇಳಿದ್ದು. ನೀರಿನ ಬೆಲೆ ಗೊತ್ತಿರೋಳು ಅಂದ್ಳು.”

ಮುನಿಲಕ್ಷ್ಮಿಗೆ ಅದು ಉರಿಯುವ ಗಾಯಕ್ಕೆ ಉಪ್ಪು ಸವರಿದಂತಾಯಿತು. ನೀರಿನ ಬೆಲೆಯಂತೆ! ಬೀಗದ ಕೈಯನ್ನು ಎತ್ತಿಕೊಂಡು ತಾಳಿಯಿಲ್ಲದ ಕರಿಮಣಿಯ ದಾರಕ್ಕೆ ಪೋಣಿಸಿಕೊಂಡಳು. ಮಾರನೆಯ ದಿನವೇ ಮುಚ್ಚಿಬಿಡಬಹುದಿತ್ತು. ಆದರೆ ಮುಯ್ಯಿ ತೀರಿಸುವುದಕ್ಕೂ ಒಂದು ಮುಹೂರ್ತ ಬೇಡವೇ? ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಕೂಸಿಗೆ ನಾಮಕರಣ ಗೊತ್ತಾಯಿತು. ಮುಳಬಾಗಿಲಿನಿಂದ ಬೀಗರು ಗಾಡಿ ಮಾಡಿಕೊಂಡು ಬರುವವರಿದ್ದರು. ಬೀಗರ ಮುಂದೆ ಕೈ ತೊಳೆಯಲು ನೀರಿಲ್ಲದ ಮನೆ! ಅಕ್ಕಯಮ್ಮ ಬಿಂದಿಗೆ ಹಿಡಿದು ಬಂದೇ ಬರಬೇಕು.

ತೊಟ್ಟಿಲಿಗೆ ಹೂವು ಬೇಕೆಂದು ಅಕ್ಕಯಮ್ಮ ಪದ್ಮಶ್ರೀಯ ಕೈಯಲ್ಲಿ ಹೇಳಿ ಕಳಿಸಿದಾಗ ಮುನಿಲಕ್ಷ್ಮಿ ಗೋಡೆಯ ಕಡೆ ತಿರುಗಿ, “ನಮ್ಮ ಹೂವು ಆ ಮೆಟ್ಲು ಹತ್ತಲ್ಲ” ಎಂದಳು.

ನಾಮಕರಣದ ದಿನ ಬೆಳಿಗ್ಗೆ ಅವಳು ಮದುವೆಯ ಮನೆಯ ಹೆಂಗಸಿನಂತೆ ಚುರುಕಾಗಿದ್ದಳು. ಮೋಟಾರು ಹಾಕಿ ಟ್ಯಾಂಕು ಕಂಠಮಟ್ಟ ತುಂಬಿಸಿದಳು. ತುಂಬಿದ ಟ್ಯಾಂಕಿನ ಕೆಳಗೆ ಒಣಗಿದ ನಲ್ಲಿ ಇದ್ದರೇ ಅಲ್ಲವೇ ಉರಿಯುವುದು? ಡ್ರಮ್ಮಿನಲ್ಲಿದ್ದ ನೀರನ್ನೆಲ್ಲ ಹೂವಿಗೆ ಚಿಮುಕಿಸಿ, ಅಂಗಳ ತೊಳೆದು ಖಾಲಿ ಮಾಡಿದಳು. ಮತ್ತೆ ತುಂಬಿಸಿಕೊಳ್ಳಲಿಲ್ಲ. ನೀರಿನ ಒಡೆತನವೇ ಕೊರಳಲ್ಲಿ ತೂಗುವಾಗ ಡ್ರಮ್ಮಿನ ಹಂಗೇಕೆ? ಮೇಲೆ ಕೂಸಿಗೆ ಎರೆಯುತ್ತಿದ್ದರು. ಕೂಸಿನ ಕಿರುಚಾಟವೂ ನೀರಿನ ಸದ್ದೂ ಒಟ್ಟಿಗೆ ಕೇಳಿಸುತ್ತಿತ್ತು. ಕೂಸಿನ ಪಾಪ ತನಗೇಕೆ ಎಂದು ಎರೆದು ಮುಗಿಯುವವರೆಗೆ ಕಾದಳು. ಅವಳಲ್ಲಿದ್ದ ಕನಿಕರವೆಲ್ಲ ಅಷ್ಟಕ್ಕೆ ಮುಗಿಯಿತು.

ಬೀಗರ ಗಾಡಿ ಬಂದು ನಿಂತಿತು. ಎಲ್ಲರೂ ಒಳಗೆ ಹೋದ ಮೇಲೆ ಮುನಿಲಕ್ಷ್ಮಿ ಟ್ಯಾಂಕು ನೋಡುವವಳ ಹಾಗೆ ತಾರಸಿಗೆ ಹತ್ತಿದಳು. ಬಾಗಿಲಲ್ಲಿದ್ದ ಯಾರೋ ಬೀಗಿತ್ತಿ ನಕ್ಕಳು, ಇವಳೂ ನಕ್ಕಳು. ಜಾಲರಿಯ ಬೀಗ ತುಕ್ಕು ಹಿಡಿದಿತ್ತು, ಸೆರಗಿನಲ್ಲಿ ಹಿಡಿದು ತಿರುಚಿ ತೆಗೆದಳು. ಒಳಗೆ ಮೂರು ವಾಲ್ವು. ಹಸಿರು ಚಿಂದಿ ಬಿಸಿಲಿಗೆ ಬೂದಿಬಣ್ಣಕ್ಕೆ ತಿರುಗಿತ್ತು, ಕೆಂಪು ಮಾಸಿ ಇಟ್ಟಿಗೆಯ ಪುಡಿಯಂತಾಗಿತ್ತು. ಅವನು ಹಾಕಿದ ಗಂಟು ಮಾತ್ರ ಹಾಕಿದ ಹಾಗೆಯೇ ಇತ್ತು. ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು.

“ನೋಡ್ರಿ, ನಿಮ್ಮ ಗಂಟನ್ನ ಸಾಕ್ಷಿ ಇಟ್ಕೊಂಡು ಮಾಡ್ತಾ ಇದೀನಿ” ಎಂದು ಕೆಂಪು ಚಿಂದಿಯ ವಾಲ್ವನ್ನು ಎರಡೂ ಕೈಯಿಂದ ಹಿಡಿದು, ಇನ್ನು ತಿರುಗದು ಎನ್ನುವ ತನಕ ತಿರುಗಿಸಿದಳು. ಜಾಲರಿಗೆ ಬೀಗ ಹಾಕಿ ಇಳಿದು ಬಂದಾಗ ಎದೆಯೊಳಗೆ ತಣ್ಣನೆಯದೇನೋ ಹರಿದಂತಾಯಿತು. ಇಷ್ಟು ದಿನದಲ್ಲಿ ಅಷ್ಟು ಸುಖ ಅವಳಿಗೆ ಯಾವತ್ತೂ ಆಗಿರಲಿಲ್ಲ.

ಇನ್ನು ಅಕ್ಕಯಮ್ಮ ಬರುವುದಷ್ಟೇ ಬಾಕಿ. ಬಂದಾಗ ತಾನು ಲಕ್ಷಣವಾಗಿರಬೇಕು. ಕೆದರಿದ ತಲೆಯಲ್ಲಿ ನಿಂತು ಇಲ್ಲವೆಂದರೆ ಅದಕ್ಕೇನು ಗತ್ತು? ತಲೆಗೆ ಸ್ನಾನ ಮಾಡಿ ಇಸ್ತ್ರಿ ಸೀರೆ ಉಟ್ಟು ಬಾಗಿಲಲ್ಲಿ ನಿಲ್ಲೋಣ ಎಂದು ಬಚ್ಚಲಿಗೆ ಹೋದಳು. ನಲ್ಲಿಯಡಿಯ ಬಕೆಟ್ಟಿನ ತಳದಲ್ಲಿದ್ದ ನೀರಿನಿಂದ ತಲೆ ತೋಯಿಸಿಕೊಂಡು, ಸೀಗೆಪುಡಿ ಕಲಸಿ ಬುಡಕ್ಕೆಲ್ಲ ಹಚ್ಚಿ ತಿಕ್ಕಿದಳು. ಸೀಗೆಯ ನೀರು ಹಣೆಯ ಮೇಲಿಂದ ಕಣ್ಣಿಗಿಳಿಯಿತು. ಕಣ್ಣು ಮುಚ್ಚಿಕೊಂಡೇ ಚೊಂಬನ್ನು ಬಕೆಟ್ಟಿಗೆ ಅದ್ದಿದರೆ ಚೊಂಬು ತಳಕ್ಕೆ ಬಡಿದು ಟಣ್ಣೆಂದಿತು. ತಡಕಾಡಿ ನಲ್ಲಿ ತಿರುಗಿಸಿದಳು.

ನಲ್ಲಿ ಉಸ್ಸೆಂದಿತು.

ಅವಳು ಇನ್ನೂ ತಿರುಗಿಸಿದಳು. ಉಸ್ಸೆನ್ನುವುದೂ ನಿಂತಿತು. ಕಣ್ಣು ಭಗಭಗ ಉರಿಯುತ್ತಿತ್ತು. ಅದೇ ಹೊತ್ತಿಗೆ ಬಚ್ಚಲ ಗೋಡೆಯ ಹೊರಗೆ ಮೇಲ್ಮನೆಯ ಪೈಪು ಗಳಗಳನೆ ಸದ್ದು ಮಾಡಿತು. ಮೇಲೆ ಬೀಗರು ಊಟಕ್ಕೆ ಕೈ ತೊಳೆಯುತ್ತಿದ್ದರು. ನೀರು ಇಳಿಯಿತು, ನಿಂತಿತು, ಮತ್ತೆ ಇಳಿಯಿತು. ಆ ಸದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗಂಡನ ತಲೆ ತೊಡೆಯ ಮೇಲಿದ್ದಾಗ ಕೇಳಿದ ಸದ್ದು.

ಉರಿ ತಾಳಲಾರದೆ, ಸೀರೆಯನ್ನು ಮೈಗೆ ಸುತ್ತಿಕೊಂಡು, ಗೋಡೆ ಹಿಡಿದು ಒಳಗೆ ಬಂದಳು. ಮನೆಯಲ್ಲಿ ನೀರು ಇದ್ದದ್ದು ಒಂದೇ ಕಡೆ. ಫೋಟೋದ ಮುಂದಿನ ತಂಬಿಗೆಯನ್ನು ತಡಕಾಡಿ ಹಿಡಿದು ಕಣ್ಣಿಗೆ ಎರಚಿಕೊಂಡಳು. ತಂಬಿಗೆ ಬರಿದಾಗುವ ಹೊತ್ತಿಗೆ ಕಣ್ಣು ತೆರೆಯಿತು. ಎದುರಿಗೆ ಆಂಜಿನಪ್ಪ ಇದ್ದ. ಮೀಸೆಯಡಿಯಲ್ಲಿ ನಗುವವನ ಹಾಗೆ.

ಕೆಂಪು ಚಿಂದಿಯದನ್ನು ಮುಚ್ಚಿದರೆ ನಿಂತದ್ದು ತನ್ನ ಮನೆಯ ನೀರು. ಹಾಗಾದರೆ ಚಿಂದಿ ಕಟ್ಟಿದ್ದೇ ಅದಲು ಬದಲು. ಕಟ್ಟಿದವನು ಇವನು. ತಿರುಗಿಸಿ ನೋಡಿ ಎಂದ ಪ್ಲಂಬರನ್ನು ಗದರಿಸಿ ಕಳಿಸಿದವನೂ ಇವನೇ. ಅಕ್ಕಯಮ್ಮನಿಗೆ ಕೆಳಗಿನ ಮನೆಯ ನೀರು ನಿಲ್ಲಿಸಬೇಕೆಂದಿದ್ದರೆ ಅವಳು ಹಸಿರು ಚಿಂದಿಯದನ್ನು ಮುಚ್ಚುತ್ತಿದ್ದಳು, ತನ್ನ ನೀರನ್ನೇ ಕಳೆದುಕೊಳ್ಳುತ್ತಿದ್ದಳು. ಅವತ್ತು ಮುಚ್ಚಿದವರು ಕೆಂಪು ಚಿಂದಿಯನ್ನೇ ನಂಬಿ ಮುಚ್ಚಿದ್ದರು. ಮೇಲ್ಮನೆಯವರಿಗೆ ನೀರಿಲ್ಲದಂತೆ ಮಾಡಬೇಕೆಂದು ಮುಚ್ಚಿದ್ದರು. ಅಂಥವರು ವಠಾರದಲ್ಲಿ ಯಾರಿದ್ದರು?

ಲುಂಗಿಗೆ ಕೈ ಒರೆಸಿಕೊಂಡು ಇಳಿದು ಬಂದವನು. ನಾಳೆ ಬೆಳಿಗ್ಗೆ ಗೊತ್ತಾಗುತ್ತೆ ಅವ್ರಿಗೆ.

ಮುನಿಲಕ್ಷ್ಮಿ ಫೋಟೋದ ಮುಂದೆ ನೆಲದ ಮೇಲೆ ಕೂತಳು. ತಲೆಯಿಂದ ಸೀಗೆಯ ನೀರು ತೊಟ್ಟಿಕ್ಕುತ್ತಿತ್ತು. ಆಗ ಬಾಗಿಲು ಬಡಿದ ಸದ್ದಾಯಿತು.

“ಮುನಿಲಕ್ಷ್ಮೀ! ನಾನು ಕಣೇ, ಅಕ್ಕಯಮ್ಮ. ನೀನು ಬರಲ್ಲ ಅಂತ ಗೊತ್ತು. ಆದ್ರೂ ಒಂದು ಮಾತು ಕರೀದೆ ಎಲೆ ಹಾಕಕ್ಕೆ ಮನಸ್ಸು ಬರ್ಲಿಲ್ಲ.”

ಅಕ್ಕಯಮ್ಮ ಬಾಗಿಲು ತಳ್ಳಿ ಇಣುಕಿದಳು. ಒದ್ದೆ ತಲೆ, ಕೆಂಡದಂಥ ಕಣ್ಣು, ಕೈಯಲ್ಲಿ ಬರೀ ತಂಬಿಗೆ.

“ಏಮೈಂದೇ? ಏನಾಯ್ತೇ? ಅಯ್ಯೋ, ಸೀಗೆಕಾಯಿ ಕಣ್ಣಿಗೆ ಹೋಯ್ತಾ? ನೀರು ಬರ್ತಿಲ್ವಾ?” ಎಂದವಳೇ ಉತ್ತರಕ್ಕೆ ಕಾಯದೆ, ಮಂಡಿ ನೋವಿನ ಕಾಲೆಳೆದುಕೊಂಡು ಮೆಟ್ಟಿಲು ಹತ್ತಿದಳು. ಇಳಿದು ಬಂದಾಗ ಎರಡೂ ಕೈಯಲ್ಲಿ ಬಕೆಟ್ಟು. ರೇಷ್ಮೆ ಸೀರೆಯ ನೆರಿಗೆ ಒದ್ದೆಯಾಗಿತ್ತು. ಹೊಸ್ತಿಲ ಹತ್ತಿರ ಬಂದು ನಿಂತಳು, ಒಳಗಿಡಲಿಲ್ಲ. ಅವಳ ಕಣ್ಣು ಒಮ್ಮೆ ಮುನಿಲಕ್ಷ್ಮಿಯ ಕಾಲಿನ ಮೇಲೆ ಹೋಗಿ ಬಂತು.

“ಇಡ್ಲಾ?” ಎಂದಳು.

ಇಷ್ಟು ವರ್ಷ ಕಟ್ಟಿಕೊಂಡ ಕನಸಿನಲ್ಲಿ ಬಾಗಿಲಲ್ಲಿ ಅಕ್ಕಯಮ್ಮ ನಿಂತದ್ದೇನೋ ನಿಜ. ಆದರೆ ಬರೀ ಪಾತ್ರೆ ಇದ್ದದ್ದು ಇವಳ ಕೈಯಲ್ಲಿ. ಮುನಿಲಕ್ಷ್ಮಿ ಎದ್ದು ಬಂದು ಬಕೆಟ್ಟುಗಳನ್ನು ತಾನೇ ಒಳಗೆ ತೆಗೆದುಕೊಂಡಳು. ಬಚ್ಚಲಿನಲ್ಲಿ ಕೂತು ಚೊಂಬು ಚೊಂಬಾಗಿ ತಲೆಯ ಮೇಲೆ ಸುರಿದುಕೊಂಡಳು. ಅಳು ಬಂತು. ಅತ್ತದ್ದು ಪಶ್ಚಾತ್ತಾಪಕ್ಕಿಂತ ಸಿಟ್ಟಿಗೆ. ಇಷ್ಟು ಕಾಲ ಬೆಳೆಸಿದ ಸಿಟ್ಟು ಹೋಗಲು ಜಾಗವಿಲ್ಲದೆ ಒಳಗೇ ಸುತ್ತುತ್ತಿತ್ತು.

ಸೀರೆಯುಟ್ಟು, ಹೂವಿನ ದಾರ ಕತ್ತರಿಸುವ ಬ್ಲೇಡು ಹಿಡಿದು ತಾರಸಿಗೆ ಹೋದಳು. ಬೀಗ ತೆಗೆದು ಕೆಂಪು ಚಿಂದಿಯ ವಾಲ್ವು ಬಿಟ್ಟಳು. ಗಂಟು ಬಿಚ್ಚಲು ನೋಡಿದಳು. ಯಾರಪ್ಪ ಬಂದರೂ ಬಿಚ್ಚಲಾಗದು ಎಂದದ್ದೊಂದನ್ನು ಮಾತ್ರ ಆ ಮನುಷ್ಯ ಸರಿಯಾಗಿ ಹೇಳಿದ್ದ. ಬ್ಲೇಡಿನಿಂದ ಎರಡೂ ಚಿಂದಿಯನ್ನು ಕುಯ್ದು ತೆಗೆದಳು. ಹಿಂದಿನಿಂದ ಅಕ್ಕಯಮ್ಮನ ದನಿ ಬಂತು.

“ಯಾವ ಪಾಪಿ ಮುಚ್ಚಿದ್ನೇ ಮತ್ತೆ? ಅವತ್ತೂ ಹಿಂಗೇ ಆಗಿತ್ತು.” ಆಮೇಲೆ ಏನೋ ಹೊಳೆದು ನಿಧಾನವಾಗಿ ಕೇಳಿದಳು. “ಬೀಗದ ಕೈ ನಿನ್ನ ಹತ್ರಾನೇ ಅಲ್ವಾ ಇರೋದು?”

ಮುನಿಲಕ್ಷ್ಮಿ ತಿರುಗಿದಳು. ಸುಳ್ಳು ಹೇಳಬಹುದಿತ್ತು. ಆದರೆ ಗೋಡೆಗೂ ನಾಯಿಗೂ ಹೇಳಿ ಸಾಕಾಗಿತ್ತು.

“ಅವತ್ತು ಮುಚ್ಚಿದ್ದು ನಮ್ಮೋರು ಅಕ್ಕಯ್ಯಾ. ಚಿಂದಿ ಅದಲು ಬದಲು ಕಟ್ಟಿದ್ರು. ನಿಮ್ದು ಅಂತ ನಮ್ದೇ ಮುಚ್ಕೊಂಡ್ರು.”

“ಇವತ್ತು?”

“ಇವತ್ತು ನಾನು.”

ಕೆಳಗಿನಿಂದ ಬೀಗರ ನಗು ಕೇಳಿಸುತ್ತಿತ್ತು. ಅಕ್ಕಯಮ್ಮ ಅವಳ ಕೈಯಲ್ಲಿದ್ದ ಚಿಂದಿಗಳನ್ನು ನೋಡಿದಳು, ಮುಖ ನೋಡಿದಳು. ಬೈಯಬಹುದೆಂದು ಮುನಿಲಕ್ಷ್ಮಿ ಕಾದಳು. ಬೈದಿದ್ದರೆ ಒಳ್ಳೆಯದಿತ್ತು.

“ಹಂಗಾದ್ರೆ” ಎಂದಳು ಅಕ್ಕಯಮ್ಮ, “ಅಮಾಸೆ ಅಮಾಸೆಗೆ ತೂರಿದ್ಯಲ್ಲೇ, ಆ ಮಣ್ಣೆಲ್ಲ ಯಾರ ಮೇಲೆ ಬಿತ್ತು?”

ಮುನಿಲಕ್ಷ್ಮಿ ತನ್ನ ಶಾಪವನ್ನೇ ನೆನೆದಳು. ವಾಲ್ವು ಮುಚ್ಚಿದ ಕೈಗೆ. ಸಾಯೋವಾಗ ಬಾಯಿಗೆ ಗುಟುಕು ನೀರು. ಹೆಣಕ್ಕೆ ಹಾಕೋಕೂ ನೀರು. ಅಕ್ಷರ ಅಕ್ಷರವೂ ಫಲಿಸಿತ್ತು. ಅವಳು ಮೊದಲ ಹಿಡಿ ಮಣ್ಣು ಎತ್ತುವ ಮುಂಚೆಯೇ ಫಲಿಸಿತ್ತು.

ಅಕ್ಕಯಮ್ಮ ಕೈ ಚಾಚಿದಳು. “ಬೀಗದ ಕೈ ಕೊಡು.”

ಮುನಿಲಕ್ಷ್ಮಿ ಕೊರಳ ದಾರದಿಂದ ಬಿಚ್ಚಿ ಕೊಟ್ಟಳು. ಅಕ್ಕಯಮ್ಮ ತಾನೇ ಬಗ್ಗಿ ಜಾಲರಿಗೆ ಬೀಗ ಹಾಕಹೋದವಳು, ತಡೆದು, ಮೂರೂ ವಾಲ್ವನ್ನು ಮುಟ್ಟಿ ನೋಡಿ, ಆಮೇಲೆ ಹಾಕಿದಳು. ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, “ಬೀಗ್ರು ಕಾಯ್ತವ್ರೆ” ಎಂದು ಇಳಿದು ಹೋದಳು. ಊಟಕ್ಕೆ ಬಾ ಎಂದು ಮತ್ತೆ ಕರೆಯಲಿಲ್ಲ.

ಮುನಿಲಕ್ಷ್ಮಿ ಮನೆಗೆ ಬಂದಳು. ಬುಟ್ಟಿಯಲ್ಲಿ ಫೋಟೋಗೆಂದು ಕಟ್ಟಿಟ್ಟ ಮಲ್ಲಿಗೆಯಿತ್ತು. ಪದ್ಮಶ್ರೀಯನ್ನು ಕರೆದು, “ಕೂಸಿನ ತೊಟ್ಲಿಗೆ ಕೊಡಮ್ಮ, ಯಾರು ಕೊಟ್ರು ಅಂತ ಹೇಳ್ಬೇಡ” ಎಂದು ಕಳಿಸಿದಳು. ಅದು ತೊಟ್ಟಿಲಿಗೆ ಏರಿತೋ ಮೂಲೆಗೆ ಬಿತ್ತೋ, ಅವಳು ಕೇಳಲಿಲ್ಲ.

ಬಚ್ಚಲ ನಲ್ಲಿ ತಿರುಗಿಸಿಯೇ ಬಿಟ್ಟು ಬಂದಿದ್ದಳು. ಈಗ ಅದು ಬಕೆಟ್ಟು ತುಂಬಿ ಹರಿಯುತ್ತಿತ್ತು. ಹೋಗಿ ನಿಲ್ಲಿಸಿದಳು. ನೆಲದ ಮೇಲೆ ಉರುಳಿದ್ದ ತಂಬಿಗೆಯನ್ನು ಎತ್ತಿ, ಸೆರಗಿನಿಂದ ಒಳಗೂ ಹೊರಗೂ ಹನಿಯುಳಿಯದಂತೆ ಒರೆಸಿ, ಫೋಟೋದ ಮುಂದೆ ಬರಿದಾಗಿಯೇ ಇಟ್ಟಳು. ಹೂವಿಲ್ಲದ ಚೌಕಟ್ಟಿನಲ್ಲಿ ಆಂಜಿನಪ್ಪ ತನಗೆಲ್ಲ ಗೊತ್ತು ಎನ್ನುವ ಅದೇ ಮುಖದಲ್ಲಿ ಕೂತಿದ್ದ.

“ಇವತ್ತೊಂದು ದಿನ ಒಣಗು. ನಾಳೆ ಬೆಳಿಗ್ಗೆ ನಿಂಗೂ ಗೊತ್ತಾಗುತ್ತೆ” ಎಂದಳು ಮುನಿಲಕ್ಷ್ಮಿ.